ಏನಿಲ್ಲ ಬಿಡಿ ಸಾರ್

(ಹಾಸನದಲ್ಲಿ ಪೋಷಕರು ಮತ್ತು ಶಿಕ್ಷಕರು ಸೇರಿದ್ದ ಸಭೆಯಲ್ಲಿ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು ಆಡಿದ ಮಾತಿನ ಬರಹ ರೂಪ)

ವಾಲಿಬಾಲ್ ನೆಟ್ ಸುತ್ತುವುದರಿಂದ ಶುರು ಮಾಡುತ್ತೇನೆ. ಸಂಜೆ ಆಟ ಮುಗಿದ ಮೇಲೆ ನೆಟ್ ಬಿಚ್ಚಬೇಕು. ಒಬ್ಬ ಆ ತುದಿ, ಇನ್ನೊಬ್ಬ ಈ ತುದಿ ಹಿಡಿದು ಎಳೆದು, ಮಡಿಸಿ, ಸುತ್ತಿಕೊಂಡು ಬರಬೇಕು. ಒಬ್ಬನೇ ಮಾಡಲು ಹೋದರೆ ಹಗ್ಗ ಸಿಕ್ಕಾಗುತ್ತದೆ. ಈ ಜಿಲ್ಲೆಯ ಹೈಸ್ಕೂಲುಗಳಲ್ಲಿ 31 ವರ್ಷ ಪಿ.ಟಿ. ಮೇಷ್ಟ್ರಾಗಿದ್ದೆ. ಅಷ್ಟೂ ವರ್ಷ ಯಾರಾದರೂ ಒಬ್ಬ ಹುಡುಗ ಆ ಇನ್ನೊಂದು ತುದಿ ಹಿಡಿಯುತ್ತಿದ್ದ.

ಒಂದು ವರ್ಷ ಹತ್ತನೇ ಕ್ಲಾಸಿನ ಹುಡುಗನೊಬ್ಬ ದಿನಾ ನಿಲ್ಲಲು ಶುರು ಮಾಡಿದ. ಆಲೂರು ಕಡೆಯ ಹಳ್ಳಿಯವನು. ಒಳ್ಳೇ ಆಟಗಾರ. ಉಳಿದವರೆಲ್ಲ ಬ್ಯಾಗ್ ಎತ್ತಿಕೊಂಡು ಬಸ್ಸಿಗೆ ಓಡುತ್ತಿದ್ದರು. ಇವನು ಮಾತ್ರ ನೆಟ್ ಹಿಡಿದು ನಿಧಾನಕ್ಕೆ ಸುತ್ತುತ್ತಿದ್ದ. ‘ಬಸ್ ಹೋಗುತ್ತಲ್ಲಪ್ಪ?’ ಅಂದರೆ ‘ಏನಿಲ್ಲ ಬಿಡಿ ಸಾರ್, ಮುಂದಿನ ಬಸ್ಸಿಗೆ ಹೋಗ್ತೀನಿ’ ಅನ್ನುತ್ತಿದ್ದ. ಹೀಗೇ ಹದಿನೈದು ದಿನ ಆಯಿತು. ಒಂದು ಸಂಜೆ ಹಗ್ಗದ ಗಂಟು ಬಿಡಿಸುತ್ತಾ, ತಲೆ ಎತ್ತದೆ, ‘ಸಾರ್, ರಾತ್ರಿ ನಿದ್ದೆನೇ ಬರಲ್ಲ’ ಅಂದ.

ಅದಕ್ಕೆ ನಾನು ಏನು ಹೇಳಿದೆ ಗೊತ್ತಾ? ‘ನಾಳೆಯಿಂದ ಎರಡು ರೌಂಡು ಜಾಸ್ತಿ ಓಡು. ನಿದ್ದೆ ತಾನಾಗೇ ಬರುತ್ತೆ’ ಅಂದೆ. ಅವನು ನಕ್ಕ. ಬ್ಯಾಗ್ ತಗೊಂಡ. ಮಾರನೇ ದಿನದಿಂದ ನೆಟ್ ಹಿಡಿಯಲು ನಿಲ್ಲಲಿಲ್ಲ. ಡಿಸೆಂಬರ್ ಹೊತ್ತಿಗೆ ಶಾಲೆಗೆ ಬರುವುದನ್ನೇ ಬಿಟ್ಟ. ಆಮೇಲೆ ವಿಷಯ ಗೊತ್ತಾಯಿತು. ಅವರಪ್ಪ ಗುತ್ತಿಗೆ ಜಮೀನು ಮಾಡಿ ಶುಂಠಿ ಹಾಕಿದ್ದರು. ಕೊಳೆ ರೋಗ ಬಂದು ಪೂರ್ತಿ ಹೋಗಿತ್ತು. ಸಾಲ, ಕುಡಿತ, ರಾತ್ರಿಯಾದರೆ ಮನೆಯಲ್ಲಿ ಹೊಡೆದಾಟ. ಅಮ್ಮನಿಗೆ ಏಟು ಬೀಳದಿರಲಿ ಎಂದು ಈ ಹುಡುಗ ಬಾಗಿಲ ಹತ್ತಿರ ಮಲಗುತ್ತಿದ್ದನಂತೆ. ನಿದ್ದೆ ಎಲ್ಲಿಂದ ಬರಬೇಕು ಹೇಳಿ.

ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಇವತ್ತು ನಾನು ಹೇಳುವುದೆಲ್ಲ ಆ ಸಂಜೆಯಿಂದ ಕಲಿತದ್ದು. ನಿವೃತ್ತಿಯಾದ ಮೇಲೆ ಆಪ್ತ ಸಮಾಲೋಚನೆಯ ತರಬೇತಿ ಪಡೆದೆ. ಅಲ್ಲಿ ಹೇಳಿಕೊಟ್ಟದ್ದು ತಲೆಗೆ ಹೋಯಿತು. ಎದೆಗೆ ಹೋಗಿದ್ದು ಮಾತ್ರ ಆ ಹುಡುಗ ಹೇಳಿದ ಒಂದು ಮಾತು.

ನಮ್ಮ ಗಂಡು ಹುಡುಗರ ಹತ್ತಿರ ಮನಸ್ಸಿನ ಬಗ್ಗೆ ಹೇಳಲು ಎಷ್ಟು ಪದ ಇವೆ ನೋಡಿ. ಅಪ್ಪ ಬೈದರೂ ಬೇಜಾರು, ಮಳೆ ಬಂದು ಮ್ಯಾಚ್ ನಿಂತರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರು, ಸಾಯಬೇಕು ಅನ್ನಿಸಿದರೂ ಬೇಜಾರು. ಎಲ್ಲದಕ್ಕೂ ಒಂದೇ ಪದ. ಅದರ ಮೇಲೆ ‘ಟೆನ್ಷನ್’, ‘ತಲೆ ಕೆಟ್ಟೋಗಿದೆ’. ಇಷ್ಟೇ. ಬೇರೆ ಪದ ಕಲಿಯಲು ನಾವು ಬಿಡಲೇ ಇಲ್ಲ. ಮೂರು ವರ್ಷದ ಮಗು ಬಿದ್ದು ಅಳುತ್ತಾ ಬಂದರೆ ‘ಗಂಡಸು ಕಣೋ ನೀನು, ಅಳ್ತಾರಾ?’ ಅನ್ನುತ್ತೇವೆ. ಮೈದಾನದಲ್ಲಿ ನಾನೂ ನೂರಾರು ಸಲ ಅಂದಿದ್ದೇನೆ. ಒಳ್ಳೆಯದಕ್ಕೇ ಅಂದೆ. ಆದರೆ ಹುಡುಗ ಅದರಿಂದ ಕಲಿಯುವುದು ಒಂದೇ. ನೋವಾದರೆ ತೋರಿಸಬಾರದು. ಹತ್ತು ವರ್ಷ ಆದ ಮೇಲೆ ನಾವೇ ಹೋಗಿ ‘ಏನಾಯ್ತಪ್ಪ, ನಮ್ಮ ಹತ್ರ ಹೇಳ್ಬಾರ್ದಾ?’ ಎಂದು ಕೇಳುತ್ತೇವೆ. ಅವನು ಕಲಿತ ಪಾಠವನ್ನೇ ಒಪ್ಪಿಸುತ್ತಾನೆ. ‘ಏನಿಲ್ಲ ಬಿಡಿ.’

ಬಾಯಿ ಹೇಳದ್ದನ್ನು ಮೈ ಹೇಳುತ್ತದೆ. ಹುಡುಗರ ಖಿನ್ನತೆ ಯಾವಾಗಲೂ ಅಳುವ ರೂಪದಲ್ಲಿ ಬರುವುದಿಲ್ಲ. ಎಷ್ಟೋ ಸಲ ಸಿಟ್ಟಿನ ರೂಪದಲ್ಲಿ ಬರುತ್ತದೆ. ಸಣ್ಣ ಮಾತಿಗೆ ತಟ್ಟೆ ಎಸೆಯುತ್ತಾನೆ. ಬೈಕನ್ನು ಹುಚ್ಚಾಪಟ್ಟೆ ಓಡಿಸುತ್ತಾನೆ. ಕುಡಿಯುತ್ತಾನೆ. ಇಲ್ಲವೇ ಹೊಟ್ಟೆನೋವು, ತಲೆನೋವು, ಬೆಳಗಿನ ತನಕ ಮೊಬೈಲ್. ಮುಂಚೆ ಇಷ್ಟಪಟ್ಟು ಆಡುತ್ತಿದ್ದ ಆಟ ಬೇಡವಾಗುತ್ತದೆ. ನಾವು ಅದಕ್ಕೆ ‘ಕೊಬ್ಬು’ ಅನ್ನುತ್ತೇವೆ, ‘ಸಹವಾಸ ದೋಷ’ ಅನ್ನುತ್ತೇವೆ. ಕೆಲವು ಮನೆಗಳಲ್ಲಿ ‘ಗಾಳಿ ಸೋಕಿದೆ’ ಎಂದು ತಾಯತ ಕಟ್ಟಿಸುತ್ತಾರೆ. ತಾಯತ ಬೇಕಾದರೆ ಕಟ್ಟಿಸಿ, ದೇವರಿಗೆ ಹರಕೆನೂ ಹೊತ್ತುಕೊಳ್ಳಿ. ನಾನು ಬೇಡ ಅನ್ನಲ್ಲ. ಜೊತೆಗೆ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿ. ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ದರೆ ಅದನ್ನು ವಯಸ್ಸಿನ ಕಾಟ ಎಂದು ಬಿಟ್ಟುಬಿಡಬೇಡಿ.

2025ರ ಜೂನ್, ಜುಲೈ ನಿಮಗೆಲ್ಲ ನೆನಪಿದೆ. ದಿನ ಬೆಳಗಾದರೆ ಟಿವಿಯಲ್ಲಿ ಹಾಸನದ ಹೃದಯಾಘಾತದ್ದೇ ಸುದ್ದಿ. ಚಿಕ್ಕ ವಯಸ್ಸಿನವರು ಹೋದರು ಎಂದು ಕೇಳಿ ಮನೆಮನೆಯಲ್ಲೂ ಭಯ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಬೆಳಗಿನ ಜಾವದಿಂದಲೇ ಸಾಲು ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಸಾವಿನ ಸಂಖ್ಯೆ ಏಕಾಏಕಿ ಏರಿಲ್ಲ ಎಂದು ಸಮಿತಿ ಹೇಳಿತು. ಆದರೆ ಭಯ ಅಷ್ಟು ಬೇಗ ಇಳಿಯುತ್ತದೆಯೇ?

ಆ ದಿನಗಳಲ್ಲಿ ನನ್ನ ಹಳೇ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. 26 ವರ್ಷ. ಗೂಡ್ಸ್ ಆಟೋ ಓಡಿಸುತ್ತಾನೆ. ‘ಸಾರ್, ಎದೆ ಹಿಡ್ಕೊಂಡಂಗಾಗುತ್ತೆ, ಕೈ ಜುಮ್ಮನ್ನುತ್ತೆ, ಈಗಲೇ ಹೋಗಿಬಿಡ್ತೀನಿ ಅನ್ಸುತ್ತೆ’ ಅಂದ. ಜೊತೆಯಲ್ಲಿ ಆಸ್ಪತ್ರೆಗೆ ಹೋದೆ. ಇಸಿಜಿ ಮಾಡಿದರು. ಎದೆಗೆ ಹಚ್ಚಿದ್ದ ಜೆಲ್ ಒರೆಸಿಕೊಳ್ಳುವುದನ್ನೂ ಮರೆತು, ಅಂಗಿ ಗುಂಡಿ ಹಾಕದೆ, ಆ ಉದ್ದನೆಯ ಗೀರುಗೀರು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಡಾಕ್ಟರ ಎದುರು ನಿಂತ. ಅವರು ನೋಡಿ ‘ಏನಿಲ್ಲ, ನಾರ್ಮಲ್ ಇದೆ’ ಅಂದರು. ಹೊರಗೆ ಬಂದು ಕಟ್ಟೆ ಮೇಲೆ ಕೂತೆವು. ಅವನ ಮುಖದಲ್ಲಿ ಖುಷಿ ಇರಲಿಲ್ಲ. ‘ಏನಿಲ್ಲ ಅಂದ್ರೆ ಮತ್ತೆ ಇದೇನು ಸಾರ್?’ ಎಂದು ಕೇಳಿದ.

ಅದಕ್ಕೆ ಹೆಸರಿದೆ. ಪ್ಯಾನಿಕ್ ಅಟ್ಯಾಕ್. ಹುಲಿ ಎದುರು ಬಂದರೆ ಮೈ ಹೇಗೆ ಸಿದ್ಧ ಆಗುತ್ತದೋ, ಹುಲಿ ಇಲ್ಲದೆಯೂ ಹಾಗೇ ಆಗುವುದು. ಅಡ್ರಿನಲಿನ್ ರಸ ನುಗ್ಗುತ್ತದೆ. ಎದೆ ಢವಢವ ಹೊಡೆಯುತ್ತದೆ. ಉಸಿರು ಜೋರಾಗುತ್ತದೆ. ಹಾಗೆ ಜೋರಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು ಜುಮ್ಮೆನ್ನುತ್ತವೆ, ತಲೆ ಸುತ್ತುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಏರಿ, ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಉಸಿರು ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದನ್ನು ನಿಧಾನ ಮಾಡಬೇಕು. ಒಂದು ಎಚ್ಚರಿಕೆ. ಎದೆನೋವು ಬಂದರೆ ಇದು ಪ್ಯಾನಿಕ್ ಎಂದು ನೀವೇ ತೀರ್ಮಾನ ಮಾಡಬೇಡಿ. ಮೊದಲು ಡಾಕ್ಟರು ನೋಡಲಿ. ಹೃದಯ ಸರಿ ಇದೆ ಎಂದ ಮೇಲೂ ಮತ್ತೆ ಮತ್ತೆ ಬರುತ್ತಿದ್ದರೆ ಮನೋವೈದ್ಯರ ಹತ್ತಿರ ಹೋಗಿ. ಇದು ವಾಸಿಯಾಗುವ ತೊಂದರೆ.

ಕಟ್ಟೆ ಮೇಲೆ ಕೂತವನು ಆಮೇಲೆ ಒಂದೊಂದಾಗಿ ಹೇಳಿದ. ಗಾಡಿಯ ಇಎಂಐ ಮೂರು ತಿಂಗಳು ಬಾಕಿ. ಐಪಿಎಲ್ ಹೊತ್ತಿನಲ್ಲಿ ಬೆಟ್ಟಿಂಗ್ ಆಡಿ ದುಡ್ಡು ಕಳೆದಿದ್ದ. ಅದನ್ನು ತುಂಬಲು ಮೊಬೈಲಿನಲ್ಲಿ ಲೋನ್ ಆ್ಯಪ್‌ನಿಂದ ಸಾಲ ತೆಗೆದಿದ್ದ. ಆ್ಯಪ್‌ನವರು ಅವನ ಫೋನಿನಲ್ಲಿರುವ ನಂಬರುಗಳಿಗೆಲ್ಲ ಫೋನ್ ಮಾಡಿ ಮಾನ ಕಳೆಯುತ್ತೇವೆ ಎಂದು ಹೆದರಿಸುತ್ತಿದ್ದರು. ತಂಗಿ ಮದುವೆ ಮಾತುಕತೆ ಬೇರೆ ನಡೆಯುತ್ತಿತ್ತು. ಇಷ್ಟನ್ನೂ ಎದೆಯಲ್ಲಿಟ್ಟುಕೊಂಡರೆ ಎದೆ ಹಿಡಿದುಕೊಳ್ಳದೆ ಇನ್ನೇನಾಗುತ್ತದೆ?

ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕಾನೂನು ಮಾಡಿ ನಿಷೇಧಿಸಿದೆ. ಒಳ್ಳೆಯದಾಯಿತು. ಆದರೆ ಊರೊಳಗಿನ ಬೆಟ್ಟಿಂಗ್ ಎಲ್ಲಿ ನಡೆಯುತ್ತದೆ ಎಂದು ಇಲ್ಲಿ ಕೂತ ಅಪ್ಪಂದಿರಿಗೆ ನಾನು ಹೇಳಬೇಕಾಗಿಲ್ಲ. ಮಗ ಸಾಲ ಮಾಡಿಕೊಂಡಿದ್ದಾನೆ ಎಂದು ಗೊತ್ತಾದ ದಿನ ಬೈಗುಳದಿಂದ ಶುರು ಮಾಡಬೇಡಿ. ಒಟ್ಟು ಎಷ್ಟು, ಯಾರಿಗೆ, ಯಾವಾಗ ಕೊಡಬೇಕು ಎಂದು ಅವನ ಜೊತೆ ಕೂತು ಹಾಳೆ ಮೇಲೆ ಬರೆಯಿರಿ. ಆ ಹುಡುಗನ ಜೊತೆ ನಾನು ಮಾಡಿದ್ದು ಅದೇ. ತಲೆಯೊಳಗೆ ಬೆಟ್ಟದಷ್ಟಿದ್ದದ್ದು ಹಾಳೆ ಮೇಲೆ ಬಂದಾಗ 1 ಲಕ್ಷ 40 ಸಾವಿರ ಆಗಿತ್ತು. ಸಣ್ಣ ದುಡ್ಡಲ್ಲ. ಆದರೆ ಪ್ರಾಣ ಕೊಡುವಷ್ಟು ದೊಡ್ಡದೂ ಅಲ್ಲ ಎಂದು ಅವನಿಗೇ ಕಂಡಿತು.

ಪ್ರಾಣದ ಮಾತು ಬಂತು. ಅದನ್ನೂ ನೇರವಾಗಿ ಆಡಿಬಿಡುತ್ತೇನೆ. ಕೇಂದ್ರದ ಅಪರಾಧ ದಾಖಲೆ ಬ್ಯೂರೋ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಅದರಲ್ಲಿ ಗಂಡಸರು 1,22,724. ಅಂದರೆ ಹತ್ತರಲ್ಲಿ ಏಳು. ನಾವು ಯಾರಿಗೆ ‘ಗಟ್ಟಿ’ ಅನ್ನುತ್ತೇವೋ ಅವರು. ಕಾರಣಗಳ ಪಟ್ಟಿಯಲ್ಲಿ ಮೊದಲಿರುವುದು ಮನೆಯ ಸಮಸ್ಯೆ, ಆಮೇಲೆ ಕಾಯಿಲೆ. ಪರೀಕ್ಷೆಯಲ್ಲಿ ಫೇಲಾಗಿದ್ದು ಪೇಪರಿನಲ್ಲಿ ದೊಡ್ಡದಾಗಿ ಬರುತ್ತದೆ. ಆ ಪಟ್ಟಿಯಲ್ಲಿ ಅದು ತುಂಬಾ ಕೆಳಗಿದೆ. ಹಾಗಂತ ಪರೀಕ್ಷೆ ಹಗುರ ಎಂದಲ್ಲ. 2019ರಲ್ಲಿ ನಮ್ಮ ಜಿಲ್ಲೆ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂತು. ಹೆಮ್ಮೆ ನನಗೂ ಆಯಿತು. ಆದರೆ ಆಮೇಲೆ ಪ್ರತಿ ವರ್ಷ ಆ ಸ್ಥಾನದ ಮಾತು ಕೇಳಿ ಕೇಳಿ ಸೊರಗಿದ ಹುಡುಗರನ್ನೂ ನೋಡಿದ್ದೇನೆ. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆ. ಎಸ್ಸೆಸ್ಸೆಲ್ಸಿಗೂ ಇದೆ, ಪಿಯುಸಿಗೂ ಇದೆ. ಇದನ್ನು ರಿಸಲ್ಟ್ ಬಂದ ಮೇಲೆ ಹೇಳಬೇಡಿ, ಬರುವ ಹಿಂದಿನ ರಾತ್ರಿ ಹೇಳಿ. ರಿಸಲ್ಟ್ ದಿನ ಮಗನನ್ನು ಮನೆಯಲ್ಲಿ ಒಬ್ಬನನ್ನೇ ಬಿಟ್ಟು ಹೋಗಬೇಡಿ.

ಮೇಷ್ಟ್ರುಗಳಿಗೂ ಒಂದು ಮಾತು ಇದೆ. ಹತ್ತನೇ ಕ್ಲಾಸಿಗೆ ಬಂದ ಕೂಡಲೇ ಮೊದಲು ಹೋಗುವುದು ಪಿ.ಟಿ. ಪೀರಿಯಡ್ಡು. ಗಣಿತದವರು ತಗೋತಾರೆ, ವಿಜ್ಞಾನದವರು ತಗೋತಾರೆ. ಬೆಳಿಗ್ಗೆ ಸ್ಪೆಷಲ್ ಕ್ಲಾಸು, ಸಂಜೆ ಸ್ಪೆಷಲ್ ಕ್ಲಾಸು. ಈ ವಯಸ್ಸಿನ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೈ ದಣಿಯುವ ಆಟ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಎಂಟು ಗಂಟೆಗೆ ಕಡಿಮೆ ಇಲ್ಲದ ನಿದ್ದೆ ಬೇಕು. ಪಿ.ಟಿ. ಮೇಷ್ಟ್ರು ತನ್ನ ಪೀರಿಯಡ್ಡಿಗಾಗಿ ಹೇಳುತ್ತಿದ್ದಾನೆ ಅಂದುಕೊಳ್ಳಬೇಡಿ. ಮೈದಾನದಲ್ಲಿ ಹುಡುಗ ಕ್ಲಾಸಿನಲ್ಲಿ ಆಡದ ಮಾತು ಆಡುತ್ತಾನೆ. ಅದನ್ನು ಕಿತ್ತುಕೊಂಡರೆ ಅವನು ಬಾಯಿ ಬಿಡುವ ಜಾಗವನ್ನೇ ಕಿತ್ತುಕೊಂಡ ಹಾಗೆ. ಇನ್ನು ಹೊಡೆಯುವುದು, ಎಲ್ಲರೆದುರು ಅವಮಾನ ಮಾಡುವುದು. ಇವೆರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಿದೆ. ಹುಡುಗಿಯರನ್ನು ಹೊಡೆಯಲು ಕೈ ಹಿಂಜರಿಯುವ ಮೇಷ್ಟ್ರು ಹುಡುಗರ ವಿಷಯದಲ್ಲಿ ಹಿಂಜರಿಯುವುದಿಲ್ಲ. ಅವರಿಗೆ ನೋವೇ ಆಗಲ್ಲ ಅನ್ನುವ ಹಾಗೆ.

ಶಾಲೆ ದಾಟಿದ ಹುಡುಗರದ್ದು ಇನ್ನೊಂದು ಕಷ್ಟ. 2023ರ ಫೆಬ್ರವರಿಯಲ್ಲಿ ಪಕ್ಕದ ಮಂಡ್ಯ ಜಿಲ್ಲೆಯಿಂದ ಮದುವೆಯಾಗದ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಹೆಣ್ಣು ಸಿಗಲಿ ಎಂದು ಹರಕೆ. ಜನ ನಕ್ಕರು. ಮೊಬೈಲಿನಲ್ಲಿ ವಿಡಿಯೋ ಹರಿದಾಡಿತು. ನನಗೆ ನಗು ಬರಲಿಲ್ಲ. ಚನ್ನರಾಯಪಟ್ಟಣ, ಅರಸೀಕೆರೆ, ಹೊಳೆನರಸೀಪುರ, ಯಾವ ಕಡೆ ಹೋದರೂ 32, 35 ವರ್ಷದ ರೈತರ ಮಕ್ಕಳು ಹೀಗೇ ಇದ್ದಾರೆ. ಹೆಣ್ಣುಮಕ್ಕಳದ್ದು ಇದರಲ್ಲಿ ತಪ್ಪಿಲ್ಲ. ಅವರು ಓದಿದ್ದಾರೆ, ತಮ್ಮ ಬದುಕು ತಾವು ನೋಡಿಕೊಳ್ಳುತ್ತಾರೆ. ಹೆಣ್ಣು ಮಗು ಬೇಡ ಎಂದ ತಲೆಮಾರಿನದ್ದೂ ಇದರಲ್ಲಿ ಪಾಲಿದೆ. ಆದರೆ ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ‘ನಿಂದ್ಯಾವಾಗಪ್ಪ?’ ಎಂದು ಕೇಳುತ್ತೇವಲ್ಲ, ಆ ಹುಡುಗ ಮುಂದಿನ ಮದುವೆಗೆ ಬರುವುದಿಲ್ಲ. ಹಬ್ಬಕ್ಕೂ ಬರುವುದಿಲ್ಲ. ಹಸು, ತೋಟ, ಸಂಜೆಯಾದರೆ ಬಾಟಲಿ. ಜನರ ಮಧ್ಯೆ ಇದ್ದೂ ಒಂಟಿ. ದಯವಿಟ್ಟು ಆ ಒಂದು ಪ್ರಶ್ನೆ ಕೇಳುವುದನ್ನು ಬಿಟ್ಟುಬಿಡಿ. ಬದಲಿಗೆ ‘ಈ ಸಲ ಕೊಬ್ಬರಿ ಹೆಂಗೆ? ಹಸು ಕರು ಹಾಕ್ತಾ?’ ಎಂದು ಕೇಳಿ. ಅವನ ಕೈಯಲ್ಲಿರುವ ಕೆಲಸದ ಬಗ್ಗೆ ಕೇಳಿದರೆ ಅವನು ಮಾತಾಡುತ್ತಾನೆ.

ಹಾಗಾದರೆ ಮಾತಾಡಿಸುವುದು ಹೇಗೆ? ಎಲ್ಲ ಸಭೆಯಲ್ಲೂ ಇದನ್ನೇ ಕೇಳುತ್ತಾರೆ. ಎದುರು ಕೂರಿಸಿಕೊಂಡು ಕೇಳಬೇಡಿ. ಕುರ್ಚಿ ಹಾಕಿ, ಅಪ್ಪ, ಅಮ್ಮ, ಚಿಕ್ಕಪ್ಪ ಎಲ್ಲ ಸುತ್ತ ಕೂತು ‘ಏನು ನಿನ್ನ ಸಮಸ್ಯೆ?’ ಅಂದರೆ ಅದು ಪಂಚಾಯಿತಿ ಆಗುತ್ತದೆ. ಪಕ್ಕದಲ್ಲಿ ಇರಿ. ಡೇರಿಗೆ ಹಾಲು ಹಾಕಲು ಹೋಗುವಾಗ, ಮೆಣಸು ಬಿಡಿಸುವಾಗ, ತೋಟಕ್ಕೆ ನೀರು ತಿರುಗಿಸುವಾಗ, ಬೈಕಿನ ಹಿಂದೆ ಕೂತು ಹೋಗುವಾಗ ಕೇಳಿ. ಕೈಗೆ ಕೆಲಸ ಇರಬೇಕು, ಕಣ್ಣಿಗೆ ಕಣ್ಣು ಕೊಡುವ ಕಷ್ಟ ಇರಬಾರದು. ನನಗೆ ಈ ಗುಟ್ಟು ಹೇಳಿಕೊಟ್ಟಿದ್ದು ಆ ವಾಲಿಬಾಲ್ ನೆಟ್. ನಮ್ಮಿಬ್ಬರ ಮಧ್ಯೆ ಒಂಬತ್ತು ಮೀಟರು ಹಗ್ಗ ಇತ್ತು. ಅವನು ಹಗ್ಗ ನೋಡುತ್ತಾ ಹೇಳಿದ.

ಅವನು ಹೇಳಿದ ಮೇಲೆ ಏನು? ಅಲ್ಲೇ ನಾನು ತಪ್ಪಿದ್ದು. ನಾವು ಗಂಡಸರಿಗೆ ಕಷ್ಟ ಕೇಳಿದ ತಕ್ಷಣ ಪರಿಹಾರ ಕೊಡಬೇಕು ಅನ್ನಿಸುತ್ತದೆ. ‘ಓಡು’, ‘ಯೋಗ ಮಾಡು’, ‘ದೇವಸ್ಥಾನಕ್ಕೆ ಹೋಗು’, ‘ನಾವು ಪಟ್ಟ ಕಷ್ಟದ ಮುಂದೆ ಇದ್ಯಾವ ಲೆಕ್ಕ’. ಈ ಕೊನೆಯದ್ದಂತೂ ಬೇಡವೇ ಬೇಡ. ಅಲ್ಲಿಗೆ ಅವನ ಬಾಯಿ ಮುಚ್ಚಿತು. ಪರಿಹಾರ ಕೊಡುವ ಬದಲು ಇನ್ನೊಂದು ಪ್ರಶ್ನೆ ಕೇಳಿ. ‘ನಿದ್ದೆ ಬರದೇ ಇದ್ದಾಗ ಏನು ಯೋಚನೆ ಬರುತ್ತಪ್ಪ?’ ಅಷ್ಟು ಕೇಳಿ ಸುಮ್ನೆ ಇರಿ. ಆ ಸುಮ್ನಿರುವುದು ಬಹಳ ಕಷ್ಟ. ಒಂದು ನಿಮಿಷ ಒಂದು ಗಂಟೆ ಅನ್ನಿಸುತ್ತದೆ. ಆದರೂ ಇರಿ.

ಮಾತು ತುಂಬಾ ಕತ್ತಲೆ ಕಡೆ ಹೋಗುತ್ತಿದೆ ಅನ್ನಿಸಿದರೆ, ‘ನಾನಿದ್ದು ಏನು ಪ್ರಯೋಜನ’, ‘ನಾನಿಲ್ಲದಿದ್ರೇ ನಿಮಗೆಲ್ಲ ಆರಾಮ’ ಎಂಬಂಥ ಮಾತು ಬಂದರೆ, ನೇರವಾಗಿ ಕೇಳಿಬಿಡಿ. ‘ಸಾಯೋ ಯೋಚನೆ ಏನಾದ್ರೂ ಬರ್ತಿದೆಯಾ ಮಗ?’ ಕೇಳಿದರೆ ಇಲ್ಲದ ಯೋಚನೆ ಬರಿಸಿದ ಹಾಗಾಗುತ್ತದೆ ಎಂದು ಎಲ್ಲರೂ ಹೆದರುತ್ತಾರೆ. ಹಾಗಾಗುವುದಿಲ್ಲ. ಈ ಬಗ್ಗೆ ನಡೆದ ಅಧ್ಯಯನಗಳು ಅದನ್ನೇ ಹೇಳುತ್ತವೆ. ಕೇಳಿಸಿಕೊಂಡವನಿಗೆ ಭಾರ ಇಳಿದ ಹಾಗಾಗುತ್ತದೆ. ‘ಹೂಂ’ ಅಂದರೆ ಗಾಬರಿಯಾಗಬೇಡಿ, ಬೈಯಬೇಡಿ, ‘ಅಮ್ಮನ ಮೇಲೆ ಆಣೆ ಮಾಡು’ ಅನ್ನಬೇಡಿ. ಅವತ್ತು ಅವನನ್ನು ಒಬ್ಬನೇ ಬಿಡಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ತನಕ ಜೊತೆಯಲ್ಲಿರಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಕೆಲಸ ಆಗಲೇಬೇಕು. ನಮ್ಮದು ಆಲೂಗಡ್ಡೆ, ಶುಂಠಿ, ಕಾಫಿ ಬೆಳೆಯುವ ಸೀಮೆ. ಪ್ರತಿ ಮನೆಯಲ್ಲೂ ಬೆಳೆಗೆ ಹೊಡೆಯುವ ಔಷಧಿ ಇದೆ. ಕೆಲವು ಕಡೆ ಬಚ್ಚಲ ಮನೆ ಗೂಡಿನಲ್ಲಿ, ಕೆಲವು ಕಡೆ ಮಂಚದ ಕೆಳಗೆ. ಇವತ್ತು ಮನೆಗೆ ಹೋದ ಕೂಡಲೇ ಅದನ್ನು ಎತ್ತಿ. ಮನೆಯಿಂದ ದೂರ, ಬೀಗ ಇರುವ ಪೆಟ್ಟಿಗೆಯಲ್ಲಿ ಇಡಿ, ಕೀಲಿಕೈ ಒಬ್ಬರ ಹತ್ತಿರವೇ ಇರಲಿ. ಬೇಕಾದಷ್ಟೇ ತನ್ನಿ, ಉಳಿಸಿಡಬೇಡಿ. ಸಕಲೇಶಪುರ ಕಡೆ ತೋಟದ ಕೋವಿ ಇರುವ ಮನೆಯವರೂ ಇದನ್ನೇ ಮಾಡಿ. ಸಾಯುವ ಯೋಚನೆ ತುಂಬಾ ಸಲ ಅಲೆಯ ಹಾಗೆ ಬಂದು ಹೋಗುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ ತೀರಾ ಅಪಾಯದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. ಮುಂದಿನ ವರ್ಷಗಳಲ್ಲಿ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿಯಿತು. ಜನರ ಕಷ್ಟ ಅಲ್ಲಿ ಮಾಯವಾಗಿರಲಿಲ್ಲ. ಕೈಗೆ ಸಿಗುವುದು ಕಡಿಮೆಯಾಗಿತ್ತು.

ಎಲ್ಲಿಗೆ ಹೋಗಬೇಕು ಎಂದು ಬರೆದುಕೊಳ್ಳಿ. ಒಂದು ನಂಬರು, 14416. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್ ಎಂದು ಹೆಸರು. 2022ರ ಅಕ್ಟೋಬರ್ 10ರಂದು ಶುರುವಾಯಿತು. ದಿನದ 24 ಗಂಟೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದೆ ಹೊರಳಾಡುವ ಹುಡುಗನಿಗೆ ಈ ನಂಬರು ಗೊತ್ತಿರಬೇಕು. ಮಗನ ಸಲುವಾಗಿ ಅಪ್ಪ ಅಮ್ಮನೂ ಮಾಡಬಹುದು. ಹದಿನೆಂಟು ತುಂಬದವರಿಗೆ ಮಕ್ಕಳ ಸಹಾಯವಾಣಿ 1098 ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ‘ಸ್ನೇಹ ಕ್ಲಿನಿಕ್’ ಇದೆ. ಹದಿಹರೆಯದ ಮೈ ಬದಲಾವಣೆ ಬಗ್ಗೆ ಹುಡುಗಿಯರಿಗೆ ಅಮ್ಮನೋ ಅಕ್ಕನೋ ಹೇಳುತ್ತಾರೆ. ಹುಡುಗರಿಗೆ ಹೇಳುವವರು ಯಾರು? ಮೊಬೈಲು. ಅಲ್ಲಿ ಸಿಗುವ ಅರ್ಧಂಬರ್ಧ ವಿಷಯದಿಂದ ‘ನನಗೇನೋ ಕಾಯಿಲೆ ಇದೆ’ ಎಂದು ವರ್ಷಗಟ್ಟಲೆ ಒಳಗೇ ಕೊರಗಿದ ಹುಡುಗರನ್ನು ನಾನು ನೋಡಿದ್ದೇನೆ. ಅಂಥವರಿಗೆ ಆ ಕ್ಲಿನಿಕ್ ಇರುವುದು. ಕಾಲೇಜು ವಯಸ್ಸಿನವರಿಗೆ ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಮಾಡಿದ ‘ಯುವ ಸ್ಪಂದನ’ ಇದೆ. ಜಿಲ್ಲಾ ಕ್ರೀಡಾಂಗಣದಲ್ಲಿ ವಿಚಾರಿಸಿ. ಕ್ರೀಡಾಂಗಣಕ್ಕೆ ಹೋಗಲು ಯಾವ ಹುಡುಗನಿಗೂ ನಾಚಿಕೆ ಇಲ್ಲ ನೋಡಿ. ಅದಕ್ಕೇ ನನಗೆ ಆ ಏರ್ಪಾಟು ಇಷ್ಟ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವೂ ಇದೆ. ನಿಮ್ಮ ಆಸ್ಪತ್ರೆಗೆ ಯಾವ ವಾರ ಬರುತ್ತಾರೆ ಎಂದು ಒಂದು ಫೋನ್ ಮಾಡಿ ಕೇಳಿಕೊಳ್ಳಿ.

ಮನೋವೈದ್ಯರು ಅಂದ ಕೂಡಲೇ ‘ನಮ್ಮ ಹುಡುಗನಿಗೇನು ಹುಚ್ಚಾ?’ ಎಂದು ಕೇಳುತ್ತಾರೆ. ನಿಮ್ಹಾನ್ಸ್ ಹೆಸರನ್ನೇ ಬೈಗುಳ ಮಾಡಿಕೊಂಡಿದ್ದೇವೆ. ಹಳ್ಳಿಯ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆಗೆ ಔಷಧಿ ಕೊಡಬಹುದು ಎಂದು ದೇಶಕ್ಕೆ ತೋರಿಸಿಕೊಟ್ಟಿದ್ದು ಅದೇ ನಿಮ್ಹಾನ್ಸ್, 1985ರಿಂದ ನಮ್ಮ ಬಳ್ಳಾರಿಯಲ್ಲಿ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಲ್ಲಿಂದ ಹುಟ್ಟಿತು. ಖಿನ್ನತೆಯ ಮಾತ್ರೆ ಶುರು ಮಾಡಿದ ಮರುದಿನವೇ ಕೆಲಸ ಮಾಡುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕು. ಹತ್ತು ದಿನ ನೋಡಿ ‘ಏನೂ ಆಗಲಿಲ್ಲ’ ಎಂದು ಬಿಡಬೇಡಿ. ಚೆನ್ನಾಗಾದ ಮೇಲೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಕುಡಿತದ ಹಾಗೆ ಚಟ ಹತ್ತುತ್ತದೆ ಎಂಬ ಭಯವೂ ಬೇಡ. ಎಲ್ಲರಿಗೂ ಮಾತ್ರೆ ಬೇಕಾಗುವುದೂ ಇಲ್ಲ. ಎಷ್ಟೋ ಜನರಿಗೆ ಮಾತಿನ ಚಿಕಿತ್ಸೆಯೇ ಸಾಕಾಗುತ್ತದೆ.

ಇನ್ನು ಪೊಲೀಸ್ ಕೇಸಿನ ಹೆದರಿಕೆ. ಆತ್ಮಹತ್ಯೆಗೆ ಪ್ರಯತ್ನ ಮಾಡಿ ಉಳಿದ ಹುಡುಗನನ್ನು ಕೇಸಾಗುತ್ತದೆ ಎಂದು ಮನೆಯಲ್ಲೇ ಮುಚ್ಚಿಟ್ಟುಕೊಂಡವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಅಂಥವನು ತೀವ್ರ ಒತ್ತಡದಲ್ಲಿದ್ದ ಎಂದೇ ಭಾವಿಸಬೇಕು. ಶಿಕ್ಷೆ ಕೊಡುವ ಹಾಗಿಲ್ಲ. ಅವನಿಗೆ ಚಿಕಿತ್ಸೆ ಕೊಡುವುದು ಸರ್ಕಾರದ ಕೆಲಸ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬಹುದು, ಅವರು ಬಂದು ಹೇಳಿಕೆ ಪಡೆಯಬಹುದು. ಅಷ್ಟಕ್ಕೆ ಹೆದರಿ ಆಸ್ಪತ್ರೆ ತಪ್ಪಿಸಬೇಡಿ.

ಆ ನೆಟ್ ಹುಡುಗನ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಏಳು ವರ್ಷ ಆದ ಮೇಲೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ಅವನೇ ಬಂದು ಮಾತಾಡಿಸಿದ. ಬೆಂಗಳೂರಿನ ಪೀಣ್ಯದಲ್ಲಿ ಕೆಲಸ, ಅಮ್ಮನನ್ನೂ ಅಲ್ಲಿಗೇ ಕರೆದುಕೊಂಡಿದ್ದ. ಆಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸು ಮಾಡಿಕೊಂಡಿದ್ದ. ಟೀ ಕುಡಿಯುತ್ತಾ ನಾನೇ ಆ ಸಂಜೆಯ ಮಾತು ತೆಗೆದೆ. ‘ತಪ್ಪಾಯ್ತು ಕಣಪ್ಪ’ ಅಂದೆ. ‘ಅಯ್ಯೋ, ಏನಿಲ್ಲ ಬಿಡಿ ಸಾರ್’ ಅಂದ. ಈ ಸಲ ನಾನು ಬಿಡಲಿಲ್ಲ, ಸುಮ್ನೆ ಕಾದೆ. ಲೋಟ ಕೆಳಗಿಟ್ಟು ಹೇಳಿದ. ‘ಅವತ್ತು ನೀವು ಇನ್ನೊಂದು ಮಾತು ಕೇಳ್ತೀರೇನೋ ಅಂತ ನೋಡ್ದೆ ಸಾರ್. ಕೇಳಿದ್ರೆ ಎಲ್ಲಾ ಹೇಳ್ಬಿಡೋಣ ಅಂತಿದ್ದೆ.’

ಮಾತು ಮುಗಿಸಿದಾಗ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತರು. ‘ಮೇಷ್ಟ್ರೇ, ನನ್ನ ಮಗ ಪಿಯುಸಿ. ಬಂದವನೇ ರೂಮಿಗೆ ಹೋಗಿ ಬಾಗಿಲು ಹಾಕ್ಕೋತಾನೆ. ತಟ್ಟಬೇಕಾ, ಬೇಡ್ವಾ?’ ಎಂದು ಕೇಳಿದರು. ತಟ್ಟಿ ಅಂದೆ. ‘ಯಾಕೆ ಬಾಗಿಲು ಹಾಕ್ಕೊಂಡೆ ಎಂದು ಕೇಳಲು ಬೇಡ, ಊಟಕ್ಕೋ ಕಾಫಿಗೋ ಕರೆಯಲು ತಟ್ಟಿ. ದಿನಾ ತಟ್ಟಿ. ಬರದಿದ್ದರೆ ಬೈಯದೆ ವಾಪಸ್ ಬನ್ನಿ. ಮಾತೇ ನಿಂತಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ 14416ಕ್ಕೆ ಇವತ್ತೇ ಫೋನ್ ಮಾಡಿ’ ಅಂದೆ. ಊಟ ಮಾಡ್ತಾನೆ, ಮಾತು ಮಾತ್ರ ಇಲ್ಲ ಅಂದರು. ಅವರಪ್ಪನ ಜೊತೆ ಅವನು ಕೊನೇ ಸಲ ತೋಟಕ್ಕೆ ಹೋಗಿದ್ದು ಯಾವಾಗ ಎಂದು ಕೇಳಿದೆ. ಆ ತಾಯಿ ಪಕ್ಕದಲ್ಲಿ ಕೂತಿದ್ದ ಯಜಮಾನರ ಮುಖ ನೋಡಿದರು. ಅವರು ಟವೆಲ್ ಸರಿ ಮಾಡಿಕೊಂಡು, ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಶುಂಠಿ ಕಿತ್ತಾಗ ಬಂದಿದ್ದ. ಮೂರು ವರ್ಷ ಆಯ್ತು’ ಅಂದರು. ಭಾನುವಾರ ತೋಟದಲ್ಲಿ ಏನು ಕೆಲಸ ಇದೆ ಎಂದು ಕೇಳಿದೆ. ಡ್ರಿಪ್ ಪೈಪು ಸುತ್ತಿಡಬೇಕು ಅಂದರು.